ಹಾಸನದಿಂದ ರೇಸ್ ಟ್ರ್ಯಾಕಿಗೆ: ಕಾರ್ಟಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಹಾಸನ. ಮಗಳು ಒಂಬತ್ತನೇ ವಯಸ್ಸಿನಿಂದ ಕಾರ್ಟ್, ಅಂದರೆ ಒಬ್ಬರೇ ಕೂರುವ ಪುಟ್ಟ ರೇಸ್ ಗಾಡಿ, ಓಡಿಸುತ್ತಿದ್ದಾಳೆ, ಈಗ ಅವಳಿಗೆ ಹದಿನಾಲ್ಕು. ಈ ಐದು ವರ್ಷದಲ್ಲಿ ಮದುವೆ ಮನೆ, ಸ್ಕೂಲಿನ ಗೇಟು, ಚಿಕ್ಕಮಗಳೂರಿನ ನೆಂಟರ ಮನೆ, ಎಲ್ಲಿ ಹೋದರೂ ಅವೇ ಪ್ರಶ್ನೆಗಳು. ಒಬ್ಬೊಬ್ಬರಿಗೂ ಫೋನಲ್ಲಿ ಅರ್ಧರ್ಧ ಹೇಳುವುದಕ್ಕಿಂತ ಒಂದೇ ಕಡೆ ಪೂರ್ತಿ ಬರೆದಿಡೋಣ ಅನ್ನಿಸಿತು. ನಾನು ಕೋಚ್ ಅಲ್ಲ. ಟ್ರ್ಯಾಕಿನ ಬೇಲಿ ಪಕ್ಕ ನಿಂತು ಕಲಿತದ್ದನ್ನು ಹೇಳುತ್ತೇನೆ.

ಎಷ್ಟನೇ ವಯಸ್ಸಿಗೆ ಶುರು ಮಾಡಬೇಕು?

ಎಂಟರ ಆಸುಪಾಸು ಒಳ್ಳೆಯ ವಯಸ್ಸು. ಕಾಲು ಪೆಡಲಿಗೆ ಸಿಗಬೇಕು, ಹೇಳಿದ ಮಾತು ಕೇಳುವಷ್ಟು ತಾಳ್ಮೆ ಇರಬೇಕು. ಸ್ಪರ್ಧೆಗಳಲ್ಲಿ ಮೈಕ್ರೊ, ಮಿನಿ, ಜೂನಿಯರ್, ಸೀನಿಯರ್ ಅಂತ ವಯಸ್ಸಿನ ಪ್ರಕಾರ ವಿಭಾಗಗಳಿರುತ್ತವೆ.

ಕಾರ್ ರೇಸಿನ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಾದ ಫಾರ್ಮುಲಾ 1ರ (ಎಫ್1) ದೊಡ್ಡ ದೊಡ್ಡವರ ಕಥೆ ಕೇಳಿದರೆ ಹೆದರಿಕೆಯಾಗುತ್ತದೆ. ಅಯರ್ಟನ್ ಸೆನ್ನಾ ನಾಲ್ಕು ವರ್ಷಕ್ಕೇ ಕಾರ್ಟ್ ಹತ್ತಿದವರು. ಫರ್ನಾಂಡೊ ಅಲೊನ್ಸೊ ಮೂರನೇ ವಯಸ್ಸಿಗೆ ಕೂತದ್ದು ಅಪ್ಪ ಅಕ್ಕನಿಗೆಂದು ಕಟ್ಟಿಕೊಟ್ಟಿದ್ದ ಕಾರ್ಟಿನಲ್ಲಿ. ಹಾಗಂತ ನಿಮ್ಮ ಮಗುವಿಗೆ ಹತ್ತಾಯಿತು, ತಡವಾಯಿತು ಅಂತ ಕೊರಗಬೇಡಿ. ಲೂಯಿಸ್ ಹ್ಯಾಮಿಲ್ಟನ್ ಶುರು ಮಾಡಿದ್ದು ಎಂಟಕ್ಕೆ. ಏಳು ಸಲ ವಿಶ್ವ ಚಾಂಪಿಯನ್ ಆಗಲು ಅದು ತಡವೇನೂ ಆಗಲಿಲ್ಲ. ಹನ್ನೆರಡು, ಹದಿಮೂರಕ್ಕೆ ಶುರು ಮಾಡಿದರೂ ದೇಶದ ಮಟ್ಟದಲ್ಲಿ ಚೆನ್ನಾಗಿ ಓಡಿಸಬಹುದು. ಯುರೋಪಿನ ಮಕ್ಕಳ ಜೊತೆ ಪೈಪೋಟಿ ಮಾಡುವುದು ಮಾತ್ರ ಕಷ್ಟ. ಅಷ್ಟರಲ್ಲಿ ಅವರು ನೂರಾರು ರೇಸ್ ಮುಗಿಸಿರುತ್ತಾರೆ.

ನಮ್ಮ ಕಡೆಯಿಂದ ಎಲ್ಲಿಗೆ ಹೋಗಬೇಕು?

ಬೆಂಗಳೂರಿಗೆ. ಬೇರೆ ದಾರಿ ಇಲ್ಲ ಅಂತಲೇ ಇಟ್ಟುಕೊಳ್ಳಿ. ನಾವು ಭಾನುವಾರ ಬೆಳಗ್ಗೆ ನಾಲ್ಕೂವರೆಗೆ ಹಾಸನ ಬಿಡುತ್ತೇವೆ. ಚನ್ನರಾಯಪಟ್ಟಣ ದಾಟುವಷ್ಟರಲ್ಲಿ ಮಗಳಿಗೆ ಮತ್ತೆ ನಿದ್ದೆ. ಯಡಿಯೂರು ಹತ್ತಿರ ಎಬ್ಬಿಸಿ ತಿಂಡಿ ತಿನ್ನಿಸುತ್ತೇವೆ, ಟ್ರ್ಯಾಕ್ ತಲುಪಿದ ಮೇಲೆ ತಿಂದರೆ ಹೊಟ್ಟೆ ತೊಳೆಸುತ್ತದೆ. ಚಿಕ್ಕಮಗಳೂರಿನವರಿಗೆ ಇನ್ನೂ ಒಂದು ಗಂಟೆಗಿಂತ ಜಾಸ್ತಿ ದಾರಿ.

ಮುಂದೆ ದೊಡ್ಡ ಸ್ಪರ್ಧೆಗೆ ಹೋದರೆ ಎರಡು ಊರಿನ ಹೆಸರು ಬಾಯಿಪಾಠ ಆಗುತ್ತದೆ. ಒಂದು ಕೊಯಮತ್ತೂರು, ಅಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಇನ್ನೊಂದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ, ಅಲ್ಲಿ 3.7 ಕಿಮೀ ಉದ್ದದ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಇದೆ. ದಕ್ಷಿಣದ ರೇಸಿಂಗ್ ಬೆಳೆದದ್ದೇ ಈ ಎರಡು ಕಡೆ.

ಮಾಲ್‌ನಲ್ಲಿ ಓಡಿಸುವ ಗೋ-ಕಾರ್ಟೂ ಇದೂ ಒಂದೇ ಅಲ್ವಾ?

ಅಲ್ಲ. ಆದರೆ ಶುರು ಅಲ್ಲಿಂದಲೇ ಆಗಲಿ. ಬಾಡಿಗೆ ಕಾರ್ಟ್ ಭಾರ, ಫೋರ್ ಸ್ಟ್ರೋಕ್ ಎಂಜಿನ್, ಸುತ್ತ ಬಂಪರ್. ಮಕ್ಕಳು ಗುದ್ದಿಕೊಂಡರೂ ಹೆಚ್ಚೇನೂ ಆಗದ ಹಾಗೆ ಮಾಡಿರುತ್ತಾರೆ.

ರೇಸ್ ಕಾರ್ಟ್ ಬೇರೆಯೇ ಜಾತಿ. ಜೂನಿಯರ್, ಸೀನಿಯರ್ ವಿಭಾಗಗಳಲ್ಲಿ ಹೆಚ್ಚಾಗಿ 125 ಸಿಸಿ ಟೂ ಸ್ಟ್ರೋಕ್ ಎಂಜಿನ್, ರೋಟ್ಯಾಕ್ಸ್ ಕಂಪನಿಯದು. ಗಂಟೆಗೆ 100 ಕಿಮೀ ದಾಟುತ್ತದೆ. ಕೂತಿರುವುದು ನೆಲದಿಂದ ನಾಲ್ಕು ಬೆರಳು ಮೇಲೆ, ಹಾಗಾಗಿ ಆ ನೂರು ಇನ್ನೂರರ ಹಾಗೆ ಅನ್ನಿಸುತ್ತದೆ. ಸಸ್ಪೆನ್ಷನ್ ಇಲ್ಲ. ರಸ್ತೆಯ ಒಂದೊಂದು ಕಲ್ಲೂ ಬೆನ್ನಿಗೆ ಗೊತ್ತಾಗುತ್ತದೆ.

ನನಗೆ ತುಂಬಾ ಇಷ್ಟವಾದ ವಿಷಯ ಒಂದಿದೆ, ಹೇಳಲೇಬೇಕು. ಕಾರಿನಲ್ಲಿ ಡಿಫರೆನ್ಷಿಯಲ್ ಇರುತ್ತದೆ, ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ಸುತ್ತುತ್ತದೆ, ಒಳಗಿನದು ಕಮ್ಮಿ. ಕಾರ್ಟಿನಲ್ಲಿ ಅದಿಲ್ಲ. ಹಿಂದಿನ ಎರಡೂ ಚಕ್ರ ಒಂದೇ ಗಟ್ಟಿ ಆಕ್ಸಲ್‌ಗೆ ಬಿಗಿದಿರುತ್ತವೆ. ಹಾಗಿದ್ದರೆ ಅದು ತಿರುಗುವುದಾದರೂ ಹೇಗೆ? ಸ್ಟೀರಿಂಗ್ ತಿರುಗಿಸಿದಾಗ ಒಳಗಿನ ಹಿಂದಿನ ಚಕ್ರ ಕೂದಲೆಳೆಯಷ್ಟು ನೆಲ ಬಿಟ್ಟು ಏಳುತ್ತದೆ. ಫ್ರೇಮ್ ಬಾಗುತ್ತದೆ, ಕಾರ್ಟ್ ಮೂರು ಚಕ್ರದ ಮೇಲೆ ತಿರುಗುತ್ತದೆ. ಬೇಲಿ ಪಕ್ಕ ಮಂಡಿಯೂರಿ ಕೂತು ನೋಡಿದರೆ ಆ ಚಕ್ರದ ಕೆಳಗೆ ಬೆಳಕು ಕಾಣುತ್ತದೆ. ಮೊದಲ ಸಲ ಅದನ್ನು ನೋಡಿದಾಗ ನಾನು ಅರ್ಧ ಗಂಟೆ ಅಲ್ಲಿಂದ ಏಳಲಿಲ್ಲ. ಚಕ್ರ ತೀರಾ ಜಾಸ್ತಿ ಎದ್ದರೆ ವೇಗ ಹೋಗುತ್ತದೆ, ಏಳದಿದ್ದರೆ ಕಾರ್ಟ್ ಮುಗ್ಗರಿಸಿದ ಹಾಗೆ ಎಳೆಯುತ್ತದೆ. ಎಷ್ಟು ಏಳಬೇಕು ಅನ್ನುವುದನ್ನು ಮಗು ತನ್ನ ಬೆನ್ನು, ಸೊಂಟದಿಂದ ಕಲಿಯುತ್ತದೆ. ಎಫ್1 ಚಾಲಕರು ದೊಡ್ಡವರಾದ ಮೇಲೂ ಕಾರ್ಟ್ ಓಡಿಸಲು ಹೋಗುವುದರಲ್ಲಿ ಆಶ್ಚರ್ಯ ಇಲ್ಲ.

ಮಗು ನಿಜವಾಗಿ ಚೆನ್ನಾಗಿ ಓಡಿಸ್ತಿದೆಯಾ ಅಂತ ಹೇಗೆ ತಿಳಿಯೋದು?

ಅತೀ ವೇಗದ ಲ್ಯಾಪ್ (ಟ್ರ್ಯಾಕಿನ ಒಂದು ಪೂರ್ತಿ ಸುತ್ತು) ನೋಡಬೇಡಿ. ಹತ್ತು ಲ್ಯಾಪ್‌ನ ಸಮಯ ಸಾಲಾಗಿ ಬರೆಯಿರಿ. ಒಂದು ಲ್ಯಾಪ್ ಚಕ್ಕನೆ, ಮುಂದಿನದು ಮೂರು ಸೆಕೆಂಡ್ ನಿಧಾನ, ಆಮೇಲೆ ಒಂದು ಸ್ಪಿನ್ (ಕಾರ್ಟ್ ಜಾರಿ ಗಿರ್ರನೆ ತಿರುಗುವುದು) ಆದರೆ ಅದು ಅದೃಷ್ಟ. ಹತ್ತೂ ಲ್ಯಾಪ್ ಅರ್ಧ ಸೆಕೆಂಡಿನ ಒಳಗೆ ಬಂದರೆ ಅದು ಓಟ. ನನ್ನ ಹತ್ತಿರ ಒಂದು ರೂಲ್ಡ್ ನೋಟ್‌ಬುಕ್ ಇದೆ. ಮೊದಲ ವರ್ಷದ ಪುಟಗಳು ಮಳೆಗಾಲದ ಕರೆಂಟಿನ ಹಾಗೆ, ಮೇಲೆ ಕೆಳಗೆ. ಈಗಿನ ಪುಟಗಳಲ್ಲಿ ಅಂಕಿಗಳು ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ.

ಇನ್ನೊಂದನ್ನು ನೋಡಿ. ಕಾರ್ಟಿನಿಂದ ಇಳಿದ ಮೇಲೆ ಮಗು ಏನು ಹೇಳುತ್ತದೆ? "ಮಜಾ ಬಂತು" ಅಂದರೆ ಸಂತೋಷ. "ಅಪ್ಪಾ, ಎರಡನೇ ತಿರುವಿನಲ್ಲಿ ಮುಂದಿನ ಟೈರ್ ಕೇಳ್ತಿಲ್ಲ, ಹೊರಗೆ ಹೋಗ್ತಿದೆ" ಅಂದರೆ ಆ ಮಗುವಿಗೆ ಯಂತ್ರದ ಮಾತು ಅರ್ಥವಾಗುತ್ತಿದೆ. ಮುಂದೆ ಎಂಜಿನಿಯರ್ ಜೊತೆ ಕೂತು ಕಾರು ಸರಿಮಾಡಿಸುವುದು ಇದೇ ಮಾತಿನಿಂದ. ನಮ್ಮ ಮಗಳು ಈ ಮಾತು ಹೇಳಲು ಎರಡು ವರ್ಷ ತೆಗೆದುಕೊಂಡಳು. ಹೇಳಿದ ದಿನ ಅವಳಮ್ಮನಿಗೆ ಅಲ್ಲಿಂದಲೇ ಫೋನ್ ಮಾಡಿದೆ.

ಮೂರನೆಯದು ಸ್ಪಿನ್ ಆದ ಮೇಲಿನ ಲ್ಯಾಪ್. ಹೆದರಿ ಬ್ರೇಕ್ ಬೇಗ ಹಿಡಿಯುತ್ತದೆಯೋ, ಸಿಟ್ಟಿನಲ್ಲಿ ನುಗ್ಗುತ್ತದೆಯೋ, ಮೊದಲಿನ ಹಾಗೇ ಓಡಿಸುತ್ತದೆಯೋ? ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ಸ್ವಂತ ಕಾರ್ಟ್ ತಗೊಳ್ಳಬೇಕಾ?

ಮೊದಲ ವರ್ಷ ಬೇಡವೇ ಬೇಡ. ಇದ್ದ ದುಡ್ಡನ್ನೆಲ್ಲ ಟ್ರ್ಯಾಕಿನಲ್ಲಿ ಕಳೆಯುವ ಗಂಟೆಗಳಿಗೆ ಹಾಕಿ. ಹೊಳೆಯುವ ಸೂಟು, ದುಬಾರಿ ಗ್ಲೌಸು ಯಾವುದೂ ಲ್ಯಾಪ್ ಸಮಯ ಕಮ್ಮಿ ಮಾಡುವುದಿಲ್ಲ. ಹೆಲ್ಮೆಟ್ ಮಾತ್ರ ಒಳ್ಳೆಯದು, ಅಳತೆಗೆ ಸರಿಯಾದದ್ದು ಇರಲಿ. ಅದರಲ್ಲಿ ಚೌಕಾಸಿ ಬೇಡ.

ನಾವು ಆತುರಪಟ್ಟು ಸೆಕೆಂಡ್ ಹ್ಯಾಂಡ್ ಕಾರ್ಟ್ ಒಂದನ್ನು ತಂದೆವು. ಪೇಂಟ್ ಹೊಸದಾಗಿ ಹೊಡೆದಿದ್ದರು, ನೋಡಲು ಚೆನ್ನಾಗಿತ್ತು. ಮೂರು ತಿಂಗಳು ಮಗಳು ಎಡ ತಿರುವಿನಲ್ಲಿ ಚೆನ್ನಾಗಿ, ಬಲ ತಿರುವಿನಲ್ಲಿ ನಿಧಾನ. ನಾವು ಅವಳಿಗೇ ಬೈಯುತ್ತಿದ್ದೆವು. ಒಬ್ಬ ಹಳೆಯ ಮೆಕ್ಯಾನಿಕ್ ಫ್ರೇಮನ್ನು ಸಮತಟ್ಟಾದ ಮೇಜಿನ ಮೇಲಿಟ್ಟು, ಒಂದು ಮೂಲೆಯ ಕೆಳಗೆ ಬೆರಳು ತೂರಿಸಿ ತೋರಿಸಿದರು. ಫ್ರೇಮೇ ಸೊಟ್ಟಗಾಗಿತ್ತು. ಅವತ್ತು ವಾಪಸ್ ಬರುವಾಗ ಕುಣಿಗಲ್ ತನಕ ನನಗೆ ಮಾತೇ ಹೊರಡಲಿಲ್ಲ. ಆಮೇಲೆ ಮಗಳ ಹತ್ತಿರ ತಪ್ಪಾಯಿತು ಅಂದೆ. ಹಾಗಾಗಿ ಕೊಳ್ಳುವ ಮೊದಲು ಫ್ರೇಮ್ ಅಳೆಸಿ, ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ಕೇಳಿ, ಗೊತ್ತಿರುವವರನ್ನು ಕರೆದುಕೊಂಡೇ ಹೋಗಿ.

ಅಪ್ಪ ಅಮ್ಮನಿಗೆ ಮೆಕ್ಯಾನಿಕ್ ಕೆಲಸ ಬರಬೇಕಾ?

ಸ್ವಲ್ಪ ಬಂದರೆ ಒಳ್ಳೆಯದು. ಚೈನಿನ ಬಿಗಿ, ಟೈರಿನ ಗಾಳಿ, ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸಬೇಕು ಅನ್ನುವುದು ಒಂದು ತಿಂಗಳಲ್ಲಿ ಬರುತ್ತದೆ. ಕಾರ್ಬ್ಯುರೇಟರ್‌ಗೆ ಮಾತ್ರ ಸಮಯ ಬೇಕು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿ ತೆಳು, ಪೆಟ್ರೋಲ್ ಕಮ್ಮಿ ಸಾಕು, ಪೆಟ್ರೋಲ್ ಹಾಯುವ ತೂತು, ಅಂದರೆ ಜೆಟ್, ಸಣ್ಣದು. ಅದೇ ಜೆಟ್ ಇಟ್ಟುಕೊಂಡು ಸಮುದ್ರದ ಮಗ್ಗುಲಿನ ಚೆನ್ನೈಗೆ ಹೋದರೆ ಎಂಜಿನ್‌ಗೆ ಪೆಟ್ರೋಲ್ ಸಾಲದೆ ಪಿಸ್ಟನ್ ಹಿಡಿದುಕೊಳ್ಳಬಹುದು. ಓಡಿ ಬಂದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಾರೆ. ಹದವಾಗಿ ಹುರಿದ ಕಾಫಿ ಬೀಜದ ಬಣ್ಣ ಇದ್ದರೆ ಸರಿ. ಬಿಳಿಚಿಕೊಂಡಿದ್ದರೆ ಕೂಡಲೇ ನಿಲ್ಲಿಸಬೇಕು. ಕಾಫಿ ಸೀಮೆಯವರಿಗೆ ಆ ಬಣ್ಣ ಹೇಳಿಕೊಡಬೇಕಾ!

ಅಪಾಯ ಇಲ್ವಾ?

ಇದೆ. ಇಲ್ಲ ಅಂದವರನ್ನು ನಂಬಬೇಡಿ. ರೇಸ್ ಕಾರ್ಟಿನಲ್ಲಿ ಸೀಟ್ ಬೆಲ್ಟ್ ಇರುವುದಿಲ್ಲ, ಅದು ಮರೆತು ಬಿಟ್ಟದ್ದಲ್ಲ. ತಲೆಯ ಮೇಲೆ ರಕ್ಷಣೆಯ ಕಂಬಿ ಇಲ್ಲದ ಗಾಡಿ ಮಗುಚಿದರೆ, ಅದಕ್ಕೆ ಕಟ್ಟಿಹಾಕಿಕೊಂಡಿರುವುದಕ್ಕಿಂತ ಹೊರಗೆ ಬೀಳುವುದೇ ಮೇಲು. ಪೆಟ್ಟು ಬೀಳುವುದು ಹೆಚ್ಚಾಗಿ ಪಕ್ಕೆಲುಬಿಗೆ, ಮಣಿಕಟ್ಟಿಗೆ. ಪಕ್ಕೆಲುಬಿನ ಕವಚ, ಕುತ್ತಿಗೆ ಪಟ್ಟಿ, ಸೂಟು, ಕಾಲಗಿಣ್ಣು ಮುಚ್ಚುವ ಶೂ ಇಲ್ಲದೆ ಕೂರಿಸಬೇಡಿ. ಉದ್ದ ಕೂದಲನ್ನು ಹೆಲ್ಮೆಟ್ ಒಳಗೆ ಸೇರಿಸಿ ಕಟ್ಟಲೇಬೇಕು. ದುಪಟ್ಟಾ, ಸ್ಕಾರ್ಫ್ ಬೇಡವೇ ಬೇಡ, ಆಕ್ಸಲ್ ಸುತ್ತುವುದು ಬೆನ್ನ ಹಿಂದೆಯೇ. ಬಾಡಿಗೆ ಕಾರ್ಟಿಗೂ ಇದೇ ಮಾತು.

ಸ್ಕೂಲ್ ಗತಿ?

ಹೋಮ್‌ವರ್ಕ್ ಶನಿವಾರವೇ ಮುಗಿಯಬೇಕು, ಇಲ್ಲದಿದ್ದರೆ ಭಾನುವಾರ ಟ್ರ್ಯಾಕ್ ಇಲ್ಲ. ನಮ್ಮ ಮನೆಯಲ್ಲಿ ಇದೊಂದೇ ನಿಯಮ, ಐದು ವರ್ಷದಿಂದ ಮುರಿದಿಲ್ಲ.

ಕಾರ್ಟಿಂಗ್ ಆದ ಮೇಲೆ ಮುಂದಿನ ಮೆಟ್ಟಿಲು ಯಾವುದು?

ಹದಿನೈದು ತುಂಬಿದ ಮೇಲೆ ಫಾರ್ಮುಲಾ 4 (ಎಫ್4), ಒಬ್ಬರೇ ಕೂರುವ ರೇಸ್ ಕಾರುಗಳ ಮೊದಲ ಮೆಟ್ಟಿಲು. ಅಲ್ಲಿಂದ ಫಾರ್ಮುಲಾ ರೀಜನಲ್, ಆಮೇಲೆ ಎಫ್3, ಎಫ್2, ಕೊನೆಗೆ ಎಫ್1. ಮೊದಲು ಎಫ್4ಗೂ ಹೊರದೇಶಕ್ಕೆ ಹೋಗಬೇಕಿತ್ತು. 2023ರಿಂದ ಭಾರತದಲ್ಲೇ ಎಫ್4 ಚಾಂಪಿಯನ್‌ಶಿಪ್ ನಡೆಯುತ್ತಿದೆ. 2024ರಲ್ಲಿ ಚೆನ್ನೈ ನಗರದ ಬೀದಿಯಲ್ಲೇ ರಾತ್ರಿ ದೀಪದ ಬೆಳಕಿನಲ್ಲಿ ರೇಸ್ ಆಯಿತು. ಇದರ ಜೊತೆಗೆ ನಮ್ಮಲ್ಲಿ ಹಿಂದಿನಿಂದ ಇರುವ ಎಲ್‌ಜಿಬಿ ಫಾರ್ಮುಲಾ 4 ಬೇರೆ, ಹೆಸರು ಕೇಳಿ ಗೊಂದಲ ಮಾಡಿಕೊಳ್ಳಬೇಡಿ. ಅದು ಮಾರುತಿ ಎಂಜಿನ್ ಹಾಕಿದ ಸರಳ ಕಾರು. ಕಾರ್ಟಿನಿಂದ ಕಾರಿಗೆ ಬರುವವರಿಗೆ ಗೇರು, ಸಸ್ಪೆನ್ಷನ್ ಪರಿಚಯವಾಗಲು ಒಳ್ಳೆಯ ಪಾಠಶಾಲೆ.

ಎಫ್1ಗೆ ದುಡ್ಡಿದ್ದರೆ ಸಾಲದು, ಸೂಪರ್ ಲೈಸೆನ್ಸ್ ಬೇಕು. ಅದಕ್ಕೆ ಸಾಮಾನ್ಯವಾಗಿ ಹದಿನೆಂಟು ತುಂಬಿರಬೇಕು, ಮೂರು ಸೀಸನ್‌ನಲ್ಲಿ 40 ಅಂಕ ಕೂಡಿಸಿರಬೇಕು, ಎಫ್1 ಕಾರಿನಲ್ಲಿ 300 ಕಿಮೀ ಓಡಿಸಿರಬೇಕು. ಎಫ್2ನಲ್ಲಿ ಮೊದಲ ಮೂರು ಸ್ಥಾನಕ್ಕೆ ತಲಾ 40 ಅಂಕ. ಎಫ್4 ಗೆದ್ದರೆ 12 ಮಾತ್ರ. ಈ ವಯಸ್ಸಿನ ನಿಯಮ ಬಂದದ್ದು ಮ್ಯಾಕ್ಸ್ ವರ್‌ಸ್ಟಾಪನ್ 2015ರಲ್ಲಿ ಹದಿನೇಳಕ್ಕೇ ಎಫ್1 ಓಡಿಸಿದ ಮೇಲೆ.

ಇಷ್ಟೆಲ್ಲ ಇದ್ದರೂ ಸೀಟು ಸಿಗಬೇಕಲ್ಲ. ಹನ್ನೊಂದನೇ ತಂಡ ಬಂದ ಮೇಲೂ, ಅಂದರೆ 2026ಕ್ಕೆ, ಇಡೀ ಜಗತ್ತಿಗೆ 22 ಸೀಟು. ಆಸ್ಟ್ರೇಲಿಯಾದ ಆಸ್ಕರ್ ಪಿಯಾಸ್ಟ್ರಿ 2020ರಲ್ಲಿ ಎಫ್3, 2021ರಲ್ಲಿ ಎಫ್2 ಗೆದ್ದರು. ಆದರೂ 2022ರಲ್ಲಿ ರೇಸ್ ಇಲ್ಲದೆ ಸುಮ್ನೆ ಕೂರಬೇಕಾಯಿತು. ಹದಿನಾಲ್ಕಕ್ಕೇ ಮನೆ ಬಿಟ್ಟು ಇಂಗ್ಲೆಂಡಿಗೆ ಹೋಗಿದ್ದ ಹುಡುಗ. ಈ ಕಥೆ ಓದಿದ ರಾತ್ರಿ ನಾನು ಮಗಳ ಕೋಣೆಯ ಬಾಗಿಲಲ್ಲಿ ನಿಂತು ತುಂಬಾ ಹೊತ್ತು ಅವಳನ್ನೇ ನೋಡಿದೆ. ಅವಳಿಗೆ ಈಗ ಅದೇ ಹದಿನಾಲ್ಕು.

ದುಡ್ಡು ಎಷ್ಟು ಬೇಕು? ನಿಜ ಹೇಳಿ.

ಬಾಡಿಗೆ ಕಾರ್ಟ್ ನೂರುಗಳ ಲೆಕ್ಕ. ದೇಶದ ಮಟ್ಟದ ಕಾರ್ಟಿಂಗ್ ಲಕ್ಷಗಳ ಲೆಕ್ಕ, ಟೈರು, ಎಂಜಿನ್ ರಿಪೇರಿ, ಪ್ರಯಾಣ, ತಂಡದ ಫೀಸು ಎಲ್ಲ ಸೇರಿ. ಯುರೋಪಿನಲ್ಲಿ ಎಫ್4ನಿಂದಲೇ ಕೋಟಿಯ ಮಾತು. ಎಫ್2ನ ಒಂದು ಸೀಸನ್ 20 ಕೋಟಿ ರೂಪಾಯಿ ದಾಟುತ್ತದೆ. ಇದು ಮನೆ ಮಾರಿ ಹೊಂದಿಸುವ ಮೊತ್ತವಲ್ಲ. ಎಫ್1 ಚಾಲಕ ಎಸ್ಟೆಬಾನ್ ಒಕಾನ್ ಅವರ ಅಪ್ಪ ಅಮ್ಮ ಮನೆ ಮಾರಿ ಕ್ಯಾರವಾನ್‌ನಲ್ಲಿ ಇದ್ದುಕೊಂಡು ಮಗನ ಕಾರ್ಟಿಂಗ್ ನಡೆಸಿದರು, ನಿಜ. ಆದರೆ ಮೇಲಿನ ಮೆಟ್ಟಿಲು ಹತ್ತಲು ಅವರಿಗೂ ದೊಡ್ಡ ತಂಡಗಳ ಕೈ ಬೇಕಾಯಿತು.

ನನ್ನ ಸಲಹೆ ಇಷ್ಟೇ. ವರ್ಷದ ಶುರುವಿನಲ್ಲೇ ಗಂಡ ಹೆಂಡತಿ ಕೂತು ಒಂದು ಮೊತ್ತ ಬರೆಯಿರಿ. ಅದು ಮುಗಿದ ದಿನ ಆ ವರ್ಷದ ರೇಸ್ ಮುಗಿಯಿತು. ತೋಟದ ಮೇಲೆ, ಚಿನ್ನದ ಮೇಲೆ ಸಾಲ ಬೇಡ. ಸಾಲದ ಭಾರ ಮಗುವಿಗೆ ಗೊತ್ತಾಗಿಯೇ ಆಗುತ್ತದೆ. ಆಮೇಲೆ ಆ ಮಗು ತಿರುವನ್ನು ನೋಡುವುದಿಲ್ಲ, ಅಪ್ಪನ ಮುಖ ನೋಡುತ್ತದೆ.

ನಮ್ಮವರು ಯಾರಾದರೂ ಮೇಲೆ ಹೋಗಿದ್ದಾರಾ?

ಎಫ್1 ರೇಸ್ ಓಡಿಸಿದ ಭಾರತೀಯರು ಇಬ್ಬರೇ. 2005ರಲ್ಲಿ ಜೋರ್ಡನ್ ತಂಡಕ್ಕೆ ನಾರಾಯಣ್ ಕಾರ್ತಿಕೇಯನ್, 2010ರಲ್ಲಿ ಎಚ್‌ಆರ್‌ಟಿಗೆ ಕರುಣ್ ಚಂದೋಕ್.

ಬೆಂಗಳೂರಿನ ಮೈನಿ ಅಣ್ಣ ತಮ್ಮಂದಿರನ್ನು ಗಮನಿಸಿ. 2011ರಲ್ಲಿ ಫೋರ್ಸ್ ಇಂಡಿಯಾ ಅನ್ನುವ ಆಗಿನ ಎಫ್1 ತಂಡ ದೇಶದ ಎಳೆಯ ಕಾರ್ಟ್ ಚಾಲಕರಲ್ಲಿ ಪ್ರತಿಭೆ ಹುಡುಕಿದಾಗ ಆಯ್ಕೆಯಾದವರಲ್ಲಿ ಅಣ್ಣ ಅರ್ಜುನ್ ಒಬ್ಬರು, ಮುಂಬೈನ ಜೆಹಾನ್ ದಾರುವಾಲಾ ಇನ್ನೊಬ್ಬರು. ಜೆಹಾನ್ ಎಫ್2ನಲ್ಲಿ ರೇಸ್‌ಗಳನ್ನು ಗೆದ್ದರು, ಆಮೇಲೆ ವಿದ್ಯುತ್ ಕಾರುಗಳ ಫಾರ್ಮುಲಾ ಇಗೆ ಹೋದರು. ಅರ್ಜುನ್ ಜರ್ಮನಿಯ ಡಿಟಿಎಂ ಸರಣಿಗೆ ಹೋದರು. ತಮ್ಮ ಕುಶ್ ಎಫ್2ನಲ್ಲಿ, 2025ರಲ್ಲಿ ಮೊನಾಕೊದ ಸ್ಪ್ರಿಂಟ್ (ಚಿಕ್ಕ ದೂರದ) ರೇಸ್ ಗೆದ್ದರು. ಆ ಇಕ್ಕಟ್ಟಾದ ಬೀದಿಯಲ್ಲಿ ಮುಂದೆ ನಿಂತು ಕೊನೆತನಕ ಮುಂದೇ ಉಳಿಯುವುದು ಸಣ್ಣ ಮಾತಲ್ಲ. ನಮ್ಮ ಮನೆಯಲ್ಲಿ ಅವತ್ತು ಹಬ್ಬ.

ಹೆಣ್ಣುಮಕ್ಕಳಿಗೆ ಇದು ಆಗುತ್ತಾ?

ಈ ಪ್ರಶ್ನೆ ನನಗೆ ಜಾಸ್ತಿ ಬರುತ್ತದೆ, ಉತ್ತರ ಚಿಕ್ಕದು. ಆಗುತ್ತದೆ. ಟ್ರ್ಯಾಕಿನಲ್ಲಿ ಹುಡುಗ ಹುಡುಗಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಫ್ರಾನ್ಸಿನ ಮಿಶೆಲ್ ಮೂಟೊ 1982ರಲ್ಲಿ ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್‌ನಲ್ಲಿ ಎರಡನೆಯವರಾಗಿದ್ದರು, ಗಂಡಸರ ಜೊತೆಗೇ ಓಡಿಸಿ. ಬೆಂಗಳೂರಿನ ಐಶ್ವರ್ಯ ಪಿಸೆ 2019ರಲ್ಲಿ ಬೈಕಿನಲ್ಲಿ ಬಾಹಾ (ರಸ್ತೆಯಿಲ್ಲದ ಬಯಲು, ಮರಳುಗಾಡಿನ ಓಟ) ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. 2023ರಿಂದ ಹುಡುಗಿಯರಿಗೆಂದೇ ಎಫ್1 ಅಕಾಡೆಮಿ ಸರಣಿ ನಡೆಯುತ್ತಿದೆ. ಕುತ್ತಿಗೆಯ ಬಲ ಮಾತ್ರ ಬೆಳೆಸಿಕೊಳ್ಳಬೇಕು, ಅದು ಹುಡುಗರಿಗೂ ಅಷ್ಟೇ.

ಚಿಕ್ಕಮಗಳೂರಿನವರು ರ‍್ಯಾಲಿ ಬಿಟ್ಟು ಟ್ರ್ಯಾಕಿನ ಹಿಂದೆ ಯಾಕೆ ಬೀಳಬೇಕು?

ಒಳ್ಳೆಯ ಪ್ರಶ್ನೆ. ಬೀಳಲೇಬೇಕು ಅಂತಿಲ್ಲ. ದೇಶದ ರ‍್ಯಾಲಿ ಭೂಪಟದಲ್ಲಿ ಚಿಕ್ಕಮಗಳೂರಿನ ಜಾಗ ದೊಡ್ಡದು. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ಇಲ್ಲಿನ ಕಾಫಿ ತೋಟಗಳ ಮಣ್ಣು ರಸ್ತೆಯಲ್ಲೇ ನಡೆದಿದೆ. ಆ ಚಾಂಪಿಯನ್‌ಶಿಪ್ ಮೂರು ಸಲ ಗೆದ್ದ ಗೌರವ್ ಗಿಲ್ ಇದೇ ಕೆಂಪು ಮಣ್ಣಿನಲ್ಲಿ ಓಡಿಸಿದವರು. 2019ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಮೋಟಾರ್ ಸ್ಪೋರ್ಟ್‌ಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು.

ರ‍್ಯಾಲಿಯಲ್ಲಿ ಒಬ್ಬರ ಹಿಂದೆ ಒಬ್ಬರು ಬಿಡುವು ಕೊಟ್ಟು ಹೊರಡುತ್ತಾರೆ, ಓಟ ಗಡಿಯಾರದ ಜೊತೆ. ಪಕ್ಕದಲ್ಲಿ ಕೋ-ಡ್ರೈವರ್ ಪೇಸ್ ನೋಟ್ಸ್ ಓದುತ್ತಾರೆ, ಮುಂದಿನ ತಿರುವು ಎಷ್ಟು ದೂರ, ಎಷ್ಟು ಕಡಿದು ಅಂತ. ಕಾಣದ ತಿರುವಿಗೆ ಕಿವಿಯ ಮೇಲೆ ನಂಬಿಕೆ ಇಟ್ಟು ನುಗ್ಗಬೇಕು. ಒಂದು ಸಲ ತೋಟದ ದಿಣ್ಣೆ ಮೇಲೆ ನಿಂತು ನೋಡಿದ್ದೆ. ಮೊದಲು ಸದ್ದು, ಆಮೇಲೆ ಸಿಲ್ವರ್ ಓಕ್ ಮರಗಳ ನಡುವೆ ಧೂಳು, ಆಮೇಲೆ ಅಡ್ಡಡ್ಡ ಜಾರಿಕೊಂಡು ಬಂದ ಕಾರು. ಅದು ಹೋದ ಮೇಲೆ ಪಕ್ಕದ ಕಾಫಿ ಗಿಡಗಳ ಎಲೆ ಪೂರ್ತಿ ಕೆಂಪು. ಕೋ-ಡ್ರೈವರ್ ಕೆಲಸಕ್ಕೆ ಕಾರ್ಟಿಂಗ್ ಹಿನ್ನೆಲೆ ಬೇಕಾಗಿಲ್ಲ. ನಕ್ಷೆ, ಲೆಕ್ಕ, ತಣ್ಣಗಿನ ತಲೆ ಇರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಇದು ಒಳ್ಳೆಯ ಬಾಗಿಲು.

ಹನ್ನೆರಡು ವರ್ಷದ ಮಗ ತೋಟದಲ್ಲಿ ಜೀಪ್ ಓಡಿಸ್ತಾನೆ. ಅದೇ ಅಭ್ಯಾಸ ಸಾಕಲ್ವಾ?

ಮೂಡಿಗೆರೆ ಹತ್ತಿರದ ನಮ್ಮ ಭಾವಮೈದನೂ ಇದನ್ನೇ ಕೇಳಿದ. ಮಣ್ಣಿನಲ್ಲಿ ಗಾಡಿ ಜಾರಿದಾಗ ಗಾಬರಿಯಾಗದಿರುವುದು ಒಂದು ಗುಣ, ಒಪ್ಪುತ್ತೇನೆ. ಆದರೆ ಜೀಪಿಗೆ ಮಗುಚುವುದು ಸುಲಭ, ಹುಡುಗನಿಗೆ ಹೆಲ್ಮೆಟ್ ಇಲ್ಲ, ತೋಟದಲ್ಲಿ ಆಳುಗಳು ಓಡಾಡುತ್ತಾರೆ. ಗೇಟು ದಾಟಿ ರಸ್ತೆಗೆ ಬಂದರಂತೂ ಕಾನೂನು ಕಠಿಣ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ತಪ್ಪಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಮಗುವಿಗೆ 25 ವರ್ಷ ಆಗುವ ತನಕ ಲೈಸೆನ್ಸೇ ಇಲ್ಲ. ರ‍್ಯಾಲಿ ಕಾರು ಒಂದು ಸ್ಟೇಜಿನಿಂದ (ಸಮಯ ಅಳೆಯುವ ಓಟದ ತುಂಡು) ಇನ್ನೊಂದಕ್ಕೆ ಸಾಮಾನ್ಯ ರಸ್ತೆಯಲ್ಲೇ ಹೋಗಬೇಕು, ಅದಕ್ಕೆ ಲೈಸೆನ್ಸ್ ಬೇಕೇ ಬೇಕು. ಹನ್ನೆರಡಕ್ಕೆ ಮಾಡಿದ ತಪ್ಪಿಗೆ ಹುಡುಗನ ಒಳ್ಳೆಯ ವರ್ಷಗಳೆಲ್ಲ ಹೋಗುತ್ತವೆ. ಭಾವಮೈದ ಈಗ ಜೀಪಿನ ಕೀಲಿ ಎತ್ತಿಟ್ಟಿದ್ದಾನೆ. ಹುಡುಗ ತಿಂಗಳಿಗೊಮ್ಮೆ ನಮ್ಮ ಜೊತೆ ಟ್ರ್ಯಾಕಿಗೆ ಬರುತ್ತಾನೆ.

ಎಫ್1 ಆಗದಿದ್ದರೆ ಇಷ್ಟೆಲ್ಲ ವ್ಯರ್ಥ ಅಲ್ವಾ?

ಆಗುವುದಿಲ್ಲ ಅಂತ ಇಟ್ಟುಕೊಂಡೇ ಶುರು ಮಾಡಿ. ಟೂರಿಂಗ್ ಕಾರು, ಜಿಟಿ, ರ‍್ಯಾಲಿ, ಕೋಚಿಂಗ್, ಕಾರು ಕಂಪನಿಗಳ ಟೆಸ್ಟ್ ಡ್ರೈವಿಂಗ್, ಡೇಟಾ ಎಂಜಿನಿಯರ್ ಕೆಲಸ ಎಲ್ಲವೂ ಇವೆ. ಎಂಜಿನಿಯರಿಂಗ್ ಓದುವ ಮಕ್ಕಳು ತಾವೇ ಕಾರು ಕಟ್ಟಿ ಪೈಪೋಟಿಗೆ ಇಳಿಯುವ ಫಾರ್ಮುಲಾ ಭಾರತ್ ಕೊಯಮತ್ತೂರಿನಲ್ಲಿ ನಡೆಯುತ್ತದೆ. ನಮ್ಮ ಮಗಳ ಕಣ್ಣು ಈಗ ಅದರ ಮೇಲೂ ಇದೆ. ಮಾರ್ಷಲ್ ಆಗಿ ಬಾವುಟ ಹಿಡಿಯುವುದು ಕೂಡ ಗೌರವದ ಕೆಲಸ. ಮುಂದೆ ಅಪಾಯ ಇದೆ ಅಂತ ತೋರಿಸುವ ಹಳದಿ ಬಾವುಟ ಒಂದು ಕ್ಷಣ ತಡವಾದರೆ ಏನಾಗಬಹುದು ಅಂತ ಹತ್ತಿರದಿಂದ ನೋಡಿದವರಿಗೆ ಗೊತ್ತು.

ಸರಿ, ಈ ಭಾನುವಾರವೇ ಹೋಗ್ತೀವಿ. ಏನೇನು ತಗೊಂಡು ಹೋಗಬೇಕು?

ಲೇಸ್ ಒಳಗೆ ಸೇರಿಸಬಹುದಾದ, ತೆಳು ಅಟ್ಟೆಯ ಶೂ. ತುಂಬು ತೋಳಿನ ಅಂಗಿ, ಜೀನ್ಸ್. ತಲೆಗೆ ಹತ್ತಿ ಬಟ್ಟೆಯ ಟೋಪಿ, ಬಾಡಿಗೆ ಹೆಲ್ಮೆಟ್ ಒಳಗೆ ಹಾಕಲು. ನೀರು, ಬಾಳೆಹಣ್ಣು, ಮಧ್ಯಾಹ್ನಕ್ಕೆ ಚಿತ್ರಾನ್ನ. ಒಂದು ನೋಟ್‌ಬುಕ್, ಎರಡು ಪೆನ್ನು. ಬೆಳಗಿನ ಮೊದಲ ಸೆಷನ್‌ಗೇ ಸೇರಿಸಿ, ಆಗ ಜನ ಕಮ್ಮಿ, ಗುದ್ದಾಟ ಕಮ್ಮಿ. ಮಗು ಓಡಿಸುವಾಗ ಬೇಲಿಯಾಚೆಯಿಂದ ಕೂಗಬೇಡಿ, ಹೆಲ್ಮೆಟ್ ಒಳಗೆ ಏನೂ ಕೇಳಿಸುವುದಿಲ್ಲ. ಇಳಿದು ಬಂದ ಮೇಲೆ ಮೊದಲು ನೀರು ಕೊಡಿ, ಸಮಯ ಎಷ್ಟು ಬಂತು ಅಂತ ಆಮೇಲೆ ಹೇಳಿದರಾಯಿತು.